ಬನಿಯನ್ ಡ್ರಾಯರ್‌ನ ನೆಕ್‌ಬ್ಯಾಂಡ್ ಅವರ ಸನ್ನಿಧಾನಕ್ಕೆ

ಮಾನ್ಯರೇ,

ನಮ್ಮ ಮನೆಯ ನಡುಕೋಣೆಯ ಕಪಾಟಿನಲ್ಲಿ, ನನ್ನ ಮಾವನವರ ಬನಿಯನ್‌ಗಳ ಕೆಳಗೆ, ಜೋಡಿ ತಪ್ಪಿದ ಕಾಲುಚೀಲಗಳ ಮೇಲೆ ಸುಖಾಸೀನರಾಗಿರುವ, ಇಯರ್‌ಫೋನ್ ಕುಲೋತ್ಪನ್ನರಾದ ತಮಗೆ ಈ ಮನೆಯ ಸೊಸೆಯ ಅನಂತ ವಂದನೆಗಳು. ತಾವು ಕ್ಷೇಮವಾಗಿರುವುದು ತಮ್ಮ ನೀಲಿ ದೀಪ ಮಿಣುಕುವುದರಿಂದ ನಮಗೆ ತಿಳಿಯುತ್ತದೆ. ನಾವು ಕ್ಷೇಮವಾಗಿಲ್ಲದ್ದಕ್ಕೂ ಅದೇ ದೀಪ ಕಾರಣವಾದ್ದರಿಂದ ಈ ಪತ್ರ ಬರೆಯಬೇಕಾಗಿ ಬಂದಿದೆ. ಖಾಸಗಿಯಾಗಿ ತಿಳಿಸಬಹುದಿತ್ತೆಂದು ತಾವು ನೊಂದುಕೊಳ್ಳಬಾರದು, ಏಕೆಂದರೆ ತಮಗೆ ಖಾಸಗಿಯಾಗಿ ಹೇಳಿದ ಮಾತುಗಳ ಗತಿ ಏನಾಯಿತೆಂಬುದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು.

ತಮ್ಮನ್ನು ಈ ಹುದ್ದೆಗೆ ಆರಿಸಿದವಳು ನಾನೇ ಆದ್ದರಿಂದ ನೇಮಕಾತಿಯ ಹಿನ್ನೆಲೆಯನ್ನು ಮೊದಲು ನೆನಪಿಸುತ್ತೇನೆ. ನನ್ನ ಮಾವನವರು ಮಗ್ಗಗಳ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಆ ಮಗ್ಗಗಳು ಅವರಿಗೆ ಸಂಬಳದ ಜೊತೆಗೆ ಮಂದ ಕಿವಿಯನ್ನೂ ದಯಪಾಲಿಸಿದವು. ಎದುರು ಕೂತು ಮಾತಾಡಿದರೆ ತುಟಿ ನೋಡಿ ಅರ್ಧ ಹಿಡಿಯುತ್ತಾರೆ, ಉಳಿದರ್ಧವನ್ನು ಊಹಿಸಿಕೊಂಡು ತಮಗೆ ಅನುಕೂಲವಾದ ಉತ್ತರ ಕೊಡುತ್ತಾರೆ. ಆದರೆ ಫೋನಿಗೆ ತುಟಿ ಇಲ್ಲ. ಅವರಿಗಿರುವ ಒಬ್ಬಳೇ ಅಕ್ಕ, ನಾವೆಲ್ಲ ದೊಡ್ಡತ್ತೆ ಎಂದು ಕರೆಯುವವರು, ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಂದ ಹೊರಡುತ್ತದೆಂದು ಸಾರುತ್ತಾ ನಿವೃತ್ತರಾದವರು. ಪ್ರತಿ ಭಾನುವಾರ ಅವರು ಬೇರೆ ಊರಿನಿಂದ ಫೋನ್ ಮಾಡಿ ತಮ್ಮನ ಜೊತೆ ಮಾತಾಡುತ್ತಿದ್ದರು. ಬರಬರುತ್ತಾ ಅದು ಮಾತಾಗಿ ಉಳಿಯದೆ, ಅತ್ತ ಅವರು ಕೂಗುವುದು, ಇತ್ತ ಇವರು ‘ಏನು, ಏನು’ ಎನ್ನುವುದು, ಎಂಬಷ್ಟಕ್ಕೆ ಇಳಿದಿತ್ತು.

ಹೀಗಿರುವಾಗ ಕಳೆದ ವರ್ಷ ನೆಂಟರೊಬ್ಬರ ಮನೆಯ ಹಜಾರದಲ್ಲಿ ಎಲ್ಲರೂ ಸೇರಿದ್ದಾಗ, ಯಾವುದೋ ವಿಷಯಕ್ಕೆ ಮಾವನವರನ್ನೂ ಒಂದು ಮಾತು ಕೇಳೋಣವೆಂದು ಯಾರೋ ಅಂದದ್ದಕ್ಕೆ ದೊಡ್ಡತ್ತೆ, ‘ಅವನಿಗೇನು ಹೇಳ್ತೀರಿ, ಗೋಡೆಗೆ ಹೇಳಿದ ಹಾಗೆ’ ಎಂದುಬಿಟ್ಟರು. ಆ ಇಡೀ ದಿನದಲ್ಲಿ ಮಾವನವರಿಗೆ ಸ್ಪಷ್ಟವಾಗಿ ಕೇಳಿಸಿದ ಮಾತು ಅದೊಂದೇ. ಅವರು ಏನೂ ಆಗದವರಂತೆ ಲೋಟದಲ್ಲಿದ್ದ ನೀರು ಕುಡಿದು ಎದ್ದರು. ಅಂದಿನಿಂದ ಭಾನುವಾರದ ಫೋನ್ ರಿಂಗ್ ಆದರೆ ಅವರು ಗಿಡಗಳಿಗೆ ನೀರು ಹಾಕಲು ಹೋಗುತ್ತಿದ್ದರು, ಹಿಂದಿನ ಸಂಜೆ ಹಾಕಿದ್ದರೂ ಸಹ. ಕೆಲವು ವಾರಗಳಲ್ಲಿ ಫೋನ್ ಬರುವುದೂ ನಿಂತಿತು, ಗಿಡಗಳೂ ಕೊಳೆತವು.

ಕಿವಿ ಸರಿಯಾಗಿ ಕೇಳಿಸಿದರೆ ಈ ಮುನಿಸು ತಾನಾಗಿ ಮುಗಿಯುತ್ತದೆಂದು ತೀರ್ಮಾನಿಸಿದವಳು ನಾನು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ, ಬಂದವರ ಮೂಗಿನ ಮೇಲೆ ಒಂದೊಂದೇ ಗಾಜು ಇಟ್ಟು ‘ಇದರಲ್ಲಿ ಚೆನ್ನಾಗಿದೆಯಾ, ಅದರಲ್ಲಾ’ ಎಂದು ಕೇಳುವುದೇ ನನ್ನ ವೃತ್ತಿ. ಕಣ್ಣಿಗೆ ಮಾಡಿದ್ದನ್ನು ಕಿವಿಗೆ ಮಾಡಲು ಎಷ್ಟು ಹೊತ್ತು ಎಂಬ ಅಹಂಕಾರ ನನಗಿತ್ತು. ಕಿವಿಯ ಯಂತ್ರದ ಮಾತೆತ್ತಿದರೆ ಮಾವನವರು, ‘ಅದನ್ನ ಹಾಕ್ಕೊಂಡ್ರೆ ಕಿವುಡ ಅಂತ ಸಹಿ ಹಾಕಿದ ಹಾಗೆ’ ಎಂದು ಮುಖ ತಿರುಗಿಸುತ್ತಿದ್ದರು. ಅದರ ಬೆಲೆ ಕೇಳಿ ನನ್ನ ಯಜಮಾನರೂ ಮುಖ ತಿರುಗಿಸಿದ್ದರು. ಇಯರ್‌ಫೋನಾದರೆ ಹುಡುಗರೆಲ್ಲ ಹಾಕಿಕೊಳ್ಳುತ್ತಾರೆ, ಮರ್ಯಾದೆಗೆ ಧಕ್ಕೆಯಿಲ್ಲ.

ಆಗ ನಾನು ನೋಡಿದ ವಿಮರ್ಶೆಯ ವೀಡಿಯೊಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಬರುವ ಮಹನೀಯರೆಲ್ಲರೂ, ಹಾಡಿನ ಬೇಸ್ ಸದ್ದು ಎದೆಗೆ ಗುದ್ದುತ್ತದೆಯೋ ಇಲ್ಲವೋ ಎಂಬ ಒಂದೇ ಚಿಂತೆಯಲ್ಲಿದ್ದರು. ಅಕ್ಕನ ಮಾತು ಕೇಳಿಸುತ್ತದೆಯೇ ಎಂದು ಪರೀಕ್ಷಿಸಿದವರು ಒಬ್ಬರೂ ಸಿಗಲಿಲ್ಲ. ಹೊರಗಿನ ಸದ್ದನ್ನೆಲ್ಲ ಅಳಿಸಿಬಿಡುತ್ತದೆ ಎಂಬ ಗುಣಕ್ಕೆ ಹೆಚ್ಚು ಬೆಲೆ ಇಟ್ಟಿದ್ದರು, ಮಗ್ಗಗಳು ನಮ್ಮ ಮಾವನವರಿಗೆ ಆ ಸೌಲಭ್ಯವನ್ನು ಪುಕ್ಕಟೆಯಾಗಿ ಮಾಡಿಕೊಟ್ಟಿದ್ದು ಅವರಿಗೆ ತಿಳಿಯದು.

ತಂತಿಯ ಇಯರ್‌ಫೋನ್ ಮೊದಲ ಅಭ್ಯರ್ಥಿಯಾಗಿತ್ತು. ಅಗ್ಗ, ನಂಬಿಗಸ್ತ, ಚಾರ್ಜ್ ಬೇಡ. ಆದರೆ ಮಾವನವರಿಗೆ ನಾವು ಹೆಮ್ಮೆಯಿಂದ ಕೊಡಿಸಿದ ಹೊಸ ಫೋನಿನಲ್ಲಿ ಅದನ್ನು ಸಿಕ್ಕಿಸುವ ತೂತೇ ಇರಲಿಲ್ಲ. ತೂತನ್ನು ತೆಗೆದದ್ದಕ್ಕಾಗಿ ಫೋನಿನ ಕಂಪನಿಯವರು ಡಬ್ಬಿಯ ಮೇಲೆ ತಮ್ಮನ್ನು ತಾವೇ ಅಭಿನಂದಿಸಿಕೊಂಡಿದ್ದರು. ತಲೆಯ ಮೇಲೆ ಕೂರುವ ದೊಡ್ಡ ಹೆಡ್‌ಫೋನನ್ನು ಗೆಳತಿಯಿಂದ ಎರವಲು ತಂದು ಹಾಕಿಸಿದೆ. ಅದು ಕನ್ನಡಕದ ಕಡ್ಡಿಯನ್ನು ಕಿವಿಯ ಹಿಂದೆ ಒತ್ತುವುದನ್ನು ವೃತ್ತಿಯ ಕಣ್ಣಿನಿಂದ ನೋಡಿ ನಾನೇ ಕಿತ್ತು ತೆಗೆದೆ. ಕಿವಿಯೊಳಗೆ ಸಿಕ್ಕಿಸುವ ಪುಟ್ಟ ಬಡ್‌ಗಳ ಜೋಡಿಯನ್ನು ಅಂಗಡಿಯಲ್ಲಿ ತೋರಿಸಿದಾಗ ಮಾವನವರು ಒಂದನ್ನು ಬೆರಳ ತುದಿಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, ‘ಊಟಕ್ಕೆ ಮುಂಚೆ ತಗೋಬೇಕಾ, ಆಮೇಲಾ’ ಎಂದರು. ಅವರು ತಮಾಷೆ ಮಾಡಿದರೋ ನಿಜವಾಗಿ ಕೇಳಿದರೋ ತಿಳಿಯದೆ, ಎರಡಕ್ಕೂ ಹೆದರಿ ಆ ಆಸೆ ಬಿಟ್ಟೆ.

ಆಗ ಅಂಗಡಿಯವನು ತಮ್ಮನ್ನು ಮುಂದಿಟ್ಟ. ಕುತ್ತಿಗೆಯ ಮೇಲೆ ಕೂರುವವರು, ಎಲ್ಲೂ ಕಳೆದುಹೋಗದವರು, ತುದಿಗಳಲ್ಲಿ ಆಯಸ್ಕಾಂತ ಇರುವವರು. ಎರಡೂ ತುದಿ ಅಂಟಿಕೊಂಡಿದ್ದರೆ ತಮಗೆ ನಿದ್ರೆ, ಬಿಟ್ಟುಕೊಂಡರೆ ತಾವೇ ಎಚ್ಚರಗೊಂಡು ಫೋನಿಗೆ ಸೇರಿಕೊಳ್ಳುತ್ತೀರಿ, ಗುಂಡಿ ಒತ್ತುವ ತಾಪತ್ರಯವೇ ಇಲ್ಲ. ‘ಮೇಡಂ, ಈ ರೇಟಿಗೆ ಇದಕ್ಕಿಂತ ಒಳ್ಳೇದು ಸಿಗಲ್ಲ’ ಎಂದ ಅವನು, ನಾನು ಅನುಮಾನದಿಂದ ನೋಡಿದ್ದಕ್ಕೆ, ‘ಇದಕ್ಕಿಂತ ಕೆಟ್ಟದ್ದೂ ಸಿಗಲ್ಲ’ ಎಂದು ಸತ್ಯವನ್ನೂ ಸೇರಿಸಿದ. ಅಂಥ ಪ್ರಾಮಾಣಿಕತೆಗೆ ಮನಸೋತು ತಮ್ಮನ್ನು ಮನೆ ತುಂಬಿಸಿಕೊಂಡೆ.

ಮಾವನವರು ತಮ್ಮನ್ನು ಧರಿಸಿ ಹವಾಮಾನದ ವರದಿ ಕೇಳಿ, ‘ಪರವಾಗಿಲ್ಲ, ಮಾತು ಬಿಡಿಬಿಡಿಯಾಗಿ ಕೇಳಿಸುತ್ತೆ’ ಎಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆ ಸಂತೋಷದಲ್ಲಿ ನಾಲಿಗೆ ಜಾರಿ, ಹಾಗಾದರೆ ದೊಡ್ಡತ್ತೆಗೆ ಒಂದು ಫೋನ್ ಮಾಡೋಣವೇ ಎಂದುಬಿಟ್ಟೆ. ಅವರು ತಮ್ಮನ್ನು ಕುತ್ತಿಗೆಯಿಂದ ತೆಗೆದು, ಬನಿಯನ್‌ಗಳ ಕೆಳಗೆ ಇಟ್ಟು, ‘ಗೋಡೆಗ್ಯಾಕಮ್ಮ ಇದೆಲ್ಲ’ ಎಂದು ಡ್ರಾಯರ್ ಮುಚ್ಚಿದರು. ಆದರೂ ನಾನು ಆಸೆ ಬಿಡದೆ ವಾರಕ್ಕೊಮ್ಮೆ ತಮ್ಮನ್ನು ಹೊರತೆಗೆದು ಚಾರ್ಜ್ ಮಾಡಿ, ಮತ್ತೆ ಅಲ್ಲೇ ಮಲಗಿಸುತ್ತಿದ್ದೆ. ನನ್ನ ದೂರಿನ ಮುಖ್ಯಭಾಗ ಇಲ್ಲಿಂದ ಆರಂಭವಾಗುತ್ತದೆ, ದಯವಿಟ್ಟು ತುದಿಗಳನ್ನು ಬಿಡಿಸಿಕೊಂಡು ಗಮನವಿಟ್ಟು ಕೇಳಬೇಕು.

ಒಂದು ಭಾನುವಾರ ಮಾವನವರು ಸ್ನಾನ ಮುಗಿಸಿ ಬನಿಯನ್ ಎಳೆದುಕೊಂಡ ರಭಸಕ್ಕೆ ತಮ್ಮ ತುದಿಗಳು ಬೇರ್ಪಟ್ಟವು, ತಾವು ಎಚ್ಚರಗೊಂಡಿರಿ, ಡ್ರಾಯರ್ ಮುಚ್ಚಿತು. ಸ್ವಲ್ಪ ಹೊತ್ತಿಗೆ ಫೋನ್ ಬಂತು. ಅದು ದೊಡ್ಡತ್ತೆಯದು. ಯಾವ ದೇವರು ಬುದ್ಧಿ ಕೊಟ್ಟನೋ, ಮಾವನವರು ಗಿಡಗಳ ಕಡೆಗೆ ಹೋಗದೆ ಫೋನನ್ನು ಕಿವಿಗಿಟ್ಟರು. ಕಿಟಕಿಯ ಪಕ್ಕ ಅವರು ಹಾಗೆ ನಿಂತದ್ದನ್ನು ಕಂಡು ನಾನು ಅಡುಗೆಮನೆಯಲ್ಲಿ ಮಿಕ್ಸಿ ನಿಲ್ಲಿಸಿದೆ, ಯಜಮಾನರಿಗೆ ಸನ್ನೆ ಮಾಡಿ ಟೀವಿ ಆರಿಸಿದೆ, ಫ್ಯಾನನ್ನೂ ನಿಲ್ಲಿಸಿದೆ. ವರ್ಷದ ಮೇಲೆ ಅಕ್ಕ ತಮ್ಮ ಮಾತಾಡುತ್ತಿದ್ದಾರೆ ಎಂದು ನಾವಿಬ್ಬರೂ ಬೆವರುತ್ತಾ ಉಸಿರು ಹಿಡಿದು ಕೂತೆವು.

ಅದೇ ಹೊತ್ತಿನಲ್ಲಿ ದೊಡ್ಡತ್ತೆ ತಮ್ಮ ಜೀವಮಾನದಲ್ಲೇ ಮೊದಲ ಸಲ ಒಬ್ಬರ ಕ್ಷಮೆ ಕೇಳುತ್ತಿದ್ದರು, ಕೇಳುತ್ತಿದ್ದುದು ಮಾತ್ರ ಡ್ರಾಯರಿನೊಳಗಿದ್ದ ತಮ್ಮನ್ನು. ಅವರ ಮಾತೆಲ್ಲ ತಮ್ಮ ಮೂಲಕ ಬನಿಯನ್‌ಗಳಿಗೆ ತಲುಪುತ್ತಿತ್ತು. ಮೈಕೂ ತಮ್ಮಲ್ಲೇ ಇದ್ದುದರಿಂದ ಮಾವನವರ ‘ಹಲೋ ಹಲೋ’ ಅವರಿಗೆ ಕೇಳಿಸದೆ, ಕಾಲುಚೀಲಗಳ ಮೌನ ಮಾತ್ರ ಕೇಳಿಸುತ್ತಿತ್ತು. ಮರುದಿನ ಅವರು ನನಗೆ ಫೋನ್ ಮಾಡಿ, ‘ಗಂಟಲು ಒಣಗೋ ತನಕ ಹೇಳಿದೆ, ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಕೊನೆಗೆ ನಾನೇ ಇಟ್ಟೆ’ ಎಂದರು. ಇತ್ತ ಮಾವನವರು, ‘ಫೋನ್ ಮಾಡಿ ಬಾಯೇ ಬಿಡಲಿಲ್ಲ, ನಾನು ಗೋಡೆ ಅಂತ ತೋರಿಸೋಕೆ ಮಾಡಿದ್ದು, ನಾನು ತಕ್ಷಣ ಇಟ್ಟುಬಿಟ್ಟೆ’ ಎನ್ನುತ್ತಿದ್ದರು. ಡ್ರಾಯರ್ ತೆಗೆದು ನೋಡಿದರೆ ತಾವು ಬಿಳಿಯ ಬನಿಯನ್‌ಗಳ ನಡುವೆ ನೀಲಿಯಾಗಿ ಮಿಣುಕುತ್ತಿದ್ದಿರಿ.

ಈ ಸಂದರ್ಭದಲ್ಲಿ ತಮ್ಮ ಘನವಾದ ಗುಣವೊಂದನ್ನು ಹೊಗಳದಿದ್ದರೆ ನಾನು ಕೃತಘ್ನಳಾಗುತ್ತೇನೆ. ನಮ್ಮ ವಂಶದಲ್ಲಿ ದೊಡ್ಡತ್ತೆಯ ಮಾತನ್ನು ನಡುವೆ ಬಾಯಿ ಹಾಕದೆ, ಗಡಿಯಾರ ನೋಡದೆ, ಆಕಳಿಸದೆ ಕೊನೆಯವರೆಗೆ ಕೇಳಿದವರು ತಾವೊಬ್ಬರೇ. ಆದ್ದರಿಂದ ತಾವು ದಯಮಾಡಿ, ಅಂದು ಕೇಳಿಸಿಕೊಂಡದ್ದನ್ನು ಒಂದಕ್ಷರವೂ ಬಿಡದಂತೆ ಮಾವನವರ ಕಿವಿಯಲ್ಲಿ ಹೇಳಬೇಕೆಂದು ಕೋರುತ್ತೇನೆ. ಅದು ಕಷ್ಟವಾದರೆ, ಕ್ಷಮೆಯನ್ನು ತಾವೇ ತಮ್ಮ ಕಡೆಯಿಂದ ಮಂಜೂರು ಮಾಡಿ ದೊಡ್ಡತ್ತೆಗೆ ತಿಳಿಸಬೇಕು. ಅದೂ ಆಗದಿದ್ದರೆ, ತಮ್ಮೊಳಗೆ ಕೂತು ‘ಕನೆಕ್ಟೆಡ್’ ಎಂದು ಸಾರುವ ಆ ಮಹಿಳೆ ಇನ್ನು ಮುಂದೆ ಯಾರು ಯಾರಿಗೆ ಎಂಬುದನ್ನೂ ಸೇರಿಸಿ, ಡ್ರಾಯರಿನ ಹೊರಗೂ ಕೇಳಿಸುವಂತೆ ಹೇಳಲಿ. ಬೇಕಿದ್ದರೆ ದೊಡ್ಡತ್ತೆ ತರಬೇತಿ ಕೊಡುತ್ತಾರೆ.

ದೊಡ್ಡತ್ತೆಗೆ ನಡೆದದ್ದನ್ನು ತಿಳಿಸಿ ಇನ್ನೊಮ್ಮೆ ಹೇಳಿರೆಂದು ಬೇಡಿಕೊಂಡೆ. ‘ಎರಡೆರಡು ಸಲ ಹೇಳೋದು ಬಸ್ಸಿಗೆ, ಮನುಷ್ಯರಿಗೆ ಒಂದೇ ಸಲ’ ಎಂದು ಅವರು ಕಡ್ಡಿ ತುಂಡು ಮಾಡಿದಂತೆ ಹೇಳಿದರು. ಮಾವನವರಿಗೆ ಹೇಳಿದರೆ ನಂಬಲಿಲ್ಲ. ಆಗ ನನಗೂ ಸಿಟ್ಟು ಬಂದು ಅವರ ಎದುರಿಗೆ ನಿಂತು, ತುಟಿ ಕಾಣುವಂತೆ, ತಕ್ಷಣ ಇಟ್ಟೆ ಎನ್ನುತ್ತೀರಲ್ಲ, ನಾವು ಫ್ಯಾನ್ ಆರಿಸಿಕೊಂಡು ಬೆವರಿದ್ದು ಸುಳ್ಳೇ, ಏನೂ ಕೇಳಿಸದ ಫೋನನ್ನು ಅಷ್ಟು ಹೊತ್ತು ಕಿವಿಗೆ ಹಿಡಿದು ನಿಂತದ್ದು ಏಕೆ ಎಂದು ಕೇಳಿಯೇಬಿಟ್ಟೆ. ಅವರು ಓದಿ ಮುಗಿಸಿದ್ದ ಪೇಪರನ್ನು ಮತ್ತೆ ಮಡಿಸುತ್ತಾ, ‘ಉಸಿರಾದ್ರೂ ಕೇಳಿಸುತ್ತೇನೋ ಅಂತ’ ಎಂದರು. ನನಗೆ ಅಳು ಬಂತೆಂದು ಹೇಳಲು ನಾಚಿಕೆಯಿಲ್ಲ. ಆ ಮಾತನ್ನು ಹಾಗೆಯೇ ದೊಡ್ಡತ್ತೆಗೆ ಮುಟ್ಟಿಸಿದೆ, ಅವರು ಅಲ್ಲಿಗೇ ಫೋನ್ ಇಟ್ಟರು.

ಮುಂದಿನ ಭಾನುವಾರ ಅವರೇ ಬಸ್ಸು ಹತ್ತಿ ಬಂದರು. ಬಂದವರೇ ತಮ್ಮನ ಮುಖ ನೋಡದೆ, ‘ಎಲ್ಲಿ ಆ ಡ್ರಾಯರ್’ ಎಂದು ಕೇಳಿ, ತಮ್ಮನ್ನು ಬನಿಯನ್‌ಗಳಿಂದ ಎತ್ತಿ ಮಾವನವರ ಕುತ್ತಿಗೆಗೆ ಹಾಕಿ, ತುದಿಗಳನ್ನು ಸ್ವತಃ ಕಿವಿಗೆ ತುರುಕಿದರು. ಫೋನು ಮಾವನವರ ಅಂಗಿಯ ಜೇಬಿನಲ್ಲಿತ್ತು. ಎದುರೆದುರು ಹೇಳಲಾಗದ್ದನ್ನು ಹೇಳಲು ದೊಡ್ಡತ್ತೆ ಅಡುಗೆಮನೆಗೆ ಹೋಗಿ, ನನ್ನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು ಅಲ್ಲಿಂದ ಫೋನ್ ಮಾಡಿದರು. ಮಾವನವರು ಕರೆ ಸ್ವೀಕರಿಸಿ ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಮಾನ್ಯರೇ, ಆ ಗಳಿಗೆಯಲ್ಲಿ ತಾವು ‘ಬ್ಯಾಟರಿ ಲೋ’ ಎಂದು ಕಣ್ಣು ಮುಚ್ಚಿದಿರಿ. ನೀಲಿ ದೀಪ ಆರಿದ್ದನ್ನು ನಾನು ಕಂಡೆ. ಆ ವಾರ ಸಿಟ್ಟಿನಲ್ಲಿ ತಮ್ಮನ್ನು ಚಾರ್ಜ್ ಮಾಡದೆ ಬಿಟ್ಟಿದ್ದೆ. ಅಕ್ಕನ ದನಿ ಜೇಬಿನಲ್ಲಿದ್ದ ಫೋನಿಗೆ ಮರಳಿತು, ಅಲ್ಲಿಂದ ಮಾವನವರ ಕಿವಿಗೆ ಏರುವ ತ್ರಾಣ ಅದಕ್ಕಿರಲಿಲ್ಲ. ನಾನು ಓಡಿಹೋಗಿ ಫೋನನ್ನು ಕೈಗೆ ಕೊಡೋಣವೆಂದು ಮುಂದೆ ಬಂದರೆ, ಮಾವನವರು ಕೈಯೆತ್ತಿ ನನ್ನನ್ನು ತಡೆದರು. ಸತ್ತ ತಮ್ಮನ್ನು ಕಿವಿಯಲ್ಲಿಟ್ಟುಕೊಂಡು, ಮುಚ್ಚಿದ ಬಾಗಿಲನ್ನೇ ನೋಡುತ್ತಾ, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಜೇಬಿನ ಕಡೆಗೆ ಬಾಗಿ ‘ಹೂಂ’ ಎಂದರು. ಒಮ್ಮೆ, ‘ಇರಲಿ ಬಿಡಕ್ಕ’ ಎಂದರು. ಅಕ್ಕ ಮೂರನೆಯ ಸಲ ಹೇಳುವಂತಾಗಬಾರದೆಂದು, ಒಂದು ಮಾತೂ ಕೇಳಿಸದೆ ಅಷ್ಟನ್ನೂ ಕೇಳಿಸಿಕೊಂಡರು. ದೊಡ್ಡತ್ತೆ ಕಣ್ಣೊರೆಸಿಕೊಂಡು ಹೊರಗೆ ಬಂದು, ತಮ್ಮನ ತಟ್ಟೆಗೆ ಎರಡು ಪಾಲು ಬಡಿಸಿ, ಇಷ್ಟು ಸಣ್ಣಗಾಗಿದ್ದೀಯಲ್ಲ ಎಂದು ಎಂದಿನ ದನಿಯಲ್ಲಿ ಬೈದರು, ಅದು ಎಲ್ಲರಿಗೂ ಕೇಳಿಸಿತು.

ಈ ಕಾರಣದಿಂದ, ತಮ್ಮನ್ನು ವಾರಂಟಿಯ ಮೇಲೆ ಅಂಗಡಿಗೆ ಹಿಂದಿರುಗಿಸುವ ನನ್ನ ನಿರ್ಧಾರವನ್ನು ಮಾವನವರ ಆದೇಶದಂತೆ ಕೈಬಿಟ್ಟಿದ್ದೇನೆ. ತಾವು ಡ್ರಾಯರ್‌ನಲ್ಲೇ ಇರಬಹುದು. ತಮ್ಮ ದೆಸೆಯಿಂದ ಎರಡು ಸಲ ಕಿವಿ ತಪ್ಪಿದ ಆ ಕ್ಷಮೆ ಏನೆಂದು ಅವರು ಇಂದಿಗೂ ಯಾರನ್ನೂ ಕೇಳಿಲ್ಲ. ದೀಪ ಆರಿದ ಸಂಗತಿ ತಮಗೆ, ಅವರಿಗೆ ಮತ್ತು ನನಗೆ ಮಾತ್ರ ಗೊತ್ತು, ದೊಡ್ಡತ್ತೆ ಬೇರೆಯವರಿಗೆ ಬರೆದ ಪತ್ರಗಳನ್ನು ಓದುವವರಲ್ಲ. ತಾವೂ ಬಾಯಿ ಬಿಡಬಾರದೆಂಬುದೇ ನನ್ನ ಕೊನೆಯ ಕೋರಿಕೆ. ತಮ್ಮ ಇದುವರೆಗಿನ ಕಾರ್ಯವೈಖರಿಯನ್ನು ನೋಡಿದರೆ ಇದೊಂದನ್ನು ತಾವು ಖಂಡಿತ ನೆರವೇರಿಸುತ್ತೀರಿ.

ವಾರಂಟಿ ಮುಗಿಯುವವರೆಗೂ, ಮುಗಿದ ಮೇಲೂ,
ತಮ್ಮ ವಿಶ್ವಾಸಿ,
ಬನಿಯನ್ ಮಡಿಸುವವಳು

ಮರೆತ ಮಾತು: ತಮ್ಮ ಕೀರ್ತಿ ಹಬ್ಬಿದೆ. ತಮ್ಮನಾದವನು ಅಷ್ಟು ತಾಳ್ಮೆಯಿಂದ ತನ್ನ ಮಾತು ಕೇಳಿದ್ದು ಇದೇ ಮೊದಲು, ಎಲ್ಲ ಆ ವಸ್ತುವಿನ ಮಹಿಮೆ ಎಂದು ನಂಬಿರುವ ದೊಡ್ಡತ್ತೆ, ಅದೇ ಮಾಡೆಲ್ಲಿನದು ನನ್ನ ಯಜಮಾನರಿಗೂ ಒಂದನ್ನು ಕೊಡಿಸಬೇಕೆಂದು ನನಗೆ ಅಪ್ಪಣೆ ಮಾಡಿದ್ದಾರೆ. ನಿನ್ನೆ ಕೊಡಿಸಿದೆ. ಇನ್ನು ನಾನು ಮಾತಾಡುವಾಗಲೆಲ್ಲ ಅವರು ಅದನ್ನು ಹಾಕಿಕೊಂಡು ‘ಹೂಂ’ ಎನ್ನಬೇಕೆಂದು ತಿಳಿಸಿದ್ದೇನೆ. ಚಾರ್ಜರನ್ನು ಡಬ್ಬಿಯಿಂದ ಹೊರತೆಗೆದಿಲ್ಲ.