ಅಂಟು ಉಚಿತ, ಹಾಲು ಉಚಿತ, ಚಿಂತೆ ಉಚಿತ

ಓಟ್ಸ್ ಹಿಟ್ಟಿನ ಪೊಟ್ಟಣದ ಹಿಂಬದಿಯ ಕನ್ನಡವನ್ನು ಬರೆದ ಮಾನ್ಯರೇ,

ತಾವು ಎಲ್ಲಿದ್ದರೂ, ಯಾವ ಕುರ್ಚಿಯಲ್ಲಿ ಕೂತಿದ್ದರೂ, ಅಥವಾ ಈಚೆಗೆ ಕೇಳಿಬರುತ್ತಿರುವಂತೆ ಕೂರಲು ಕುರ್ಚಿಯೇ ಬೇಕಿಲ್ಲದ ಯಂತ್ರವಾಗಿದ್ದರೂ, ತಮಗೆ ನಮ್ಮ ಇಡೀ ಮನೆಯ ಪರವಾಗಿ ಸವಿನಯ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಮ್ಮ ಮನೆಯಲ್ಲಿ ಒಂದು ಬಿಸ್ಕತ್ತಿನ ಹೊರತು ಎಲ್ಲರೂ ಕ್ಷೇಮ. ಆ ಬಿಸ್ಕತ್ತಿನ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ. ತಮ್ಮ ಕಂಪನಿಯ ಹೆಸರನ್ನು ಈ ಪತ್ರದಲ್ಲಿ ಎಲ್ಲಿಯೂ ಬರೆದಿಲ್ಲ. ಬರೆದರೆ ಅದು ಪ್ರಚಾರವಾಗಿಬಿಡುತ್ತದೆ, ಅದೂ ಉಚಿತವಾಗಿ. ಆ ಪದದ ಸಹವಾಸ ಸದ್ಯಕ್ಕೆ ನಮಗೆ ಸಾಕಾಗಿದೆ.

ಮೊದಲು ನಮ್ಮ ಪರಿಚಯ ಮಾಡಿಕೊಡುವುದು ಮರ್ಯಾದೆ. ನನ್ನ ಅಕ್ಕನ ಮಗಳು ಮೂರನೇ ತರಗತಿಯಲ್ಲಿದ್ದಾಳೆ. ಗೋಧಿಯ ಒಂದು ಚೂರು, ಹಾಲಿನ ಒಂದು ಗುಟುಕು ಒಳಗೆ ಹೋದರೆ ಸಾಕು, ಹೊಟ್ಟೆ ಹಿಡಿದುಕೊಂಡು ಹಾಸಿಗೆಯ ಮೇಲೆ ಮುದುಡಿಕೊಳ್ಳುತ್ತಾಳೆ. ಆಮೇಲೆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಆದ್ದರಿಂದ ಬೇರೆ ಮಕ್ಕಳು ಅಕ್ಷರವನ್ನು ಪುಸ್ತಕದಲ್ಲಿ ಕಲಿತರೆ ಈಕೆ ಪೊಟ್ಟಣಗಳ ಹಿಂಬದಿಯಲ್ಲಿ ಕಲಿತಳು. ಯಾರು ಏನು ಕೊಟ್ಟರೂ ಮೊದಲು ಪೊಟ್ಟಣ ಕೇಳುತ್ತಾಳೆ, ತಿರುಗಿಸುತ್ತಾಳೆ, ತುಟಿ ಅಲ್ಲಾಡಿಸುತ್ತ ಕೊನೆಯ ಸಾಲಿನವರೆಗೂ ಓದುತ್ತಾಳೆ, ಆಮೇಲೆ ಬಾಯಿ ತೆರೆಯುತ್ತಾಳೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಅಂಗಡಿಗಳ ತಕ್ಕಡಿಗೆ ಸೀಲು ಹಾಕಿ ನಿವೃತ್ತರಾದ ನಮ್ಮಪ್ಪ ಇದನ್ನು ಕಂಡು ಹಿಗ್ಗಿ, ತಮ್ಮ ಹುದ್ದೆಯನ್ನೇ ಮೊಮ್ಮಗಳಿಗೆ ವರ್ಗಾಯಿಸಿ ‘ಇನ್ಸ್‌ಪೆಕ್ಟರಮ್ಮ’ ಎಂದು ಕರೆಯುತ್ತಾರೆ.

ಇಂಥ ಇನ್ಸ್‌ಪೆಕ್ಟರಮ್ಮನ ಶಾಲೆಯಲ್ಲಿ ಕಳೆದ ಶನಿವಾರ ತಿಂಡಿ ಹಂಚಿಕೊಂಡು ತಿನ್ನುವ ದಿನ. ಪ್ರತಿ ಸಲ ಈ ದಿನ ಅವಳು ಒಂದು ಸ್ಟೀಲ್ ಡಬ್ಬಿಯಲ್ಲಿ ಸೇಬಿನ ಹೋಳು ಹಾಕಿಕೊಂಡು ಹೋಗಿ, ಎಲ್ಲರೂ ಒಂದೇ ತಟ್ಟೆಗೆ ಕೈ ಹಾಕುವಾಗ ಪಕ್ಕದಲ್ಲಿ ಕೂತು, ಕಂದುಬಣ್ಣಕ್ಕೆ ತಿರುಗಿದ ಸೇಬನ್ನು ಒಬ್ಬಳೇ ಮುಗಿಸಿ ಬರುತ್ತಾಳೆ. ಈ ಸಲ ಮಾತ್ರ, ತಾನೂ ತಿನ್ನಬಹುದಾದ ಬಿಸ್ಕತ್ತನ್ನು ತಾನೇ ಇಡೀ ತರಗತಿಗೆ ತರುತ್ತೇನೆಂದು ಮೇಷ್ಟರ ಮುಂದೆ ಎದ್ದು ನಿಂತು ಹೇಳಿಬಿಟ್ಟಿದ್ದಳು. ಅಕ್ಕ ಆಸ್ಪತ್ರೆಯಲ್ಲಿ ದಾದಿ. ಆ ವಾರ ತರಬೇತಿಗೆಂದು ಪರ ಊರಿಗೆ ಹೋಗಿದ್ದಳು, ಮಗಳನ್ನು ನಮ್ಮ ಮನೆಯಲ್ಲಿ ಬಿಟ್ಟಿದ್ದಳು. ಹೀಗೆ ಒಂದು ಮಗುವಿನ ಮಾನ ನನ್ನ ಕೈಗೆ, ನನ್ನ ಕೈಯಿಂದ ತಮ್ಮ ಪೊಟ್ಟಣಕ್ಕೆ ಬಂತು.

ತಮ್ಮ ಪೊಟ್ಟಣದ ಮುಂಬದಿ ಅಂದವಾಗಿದೆ. ಹಿಂಬದಿಯಲ್ಲಿ ‘ಸರಳ ತೆಂಗಿನಕಾಯಿ ಓಟ್ಸ್ ಬಿಸ್ಕತ್ತು’ ಎಂಬ ತಲೆಬರಹ. ಅದರ ಕೆಳಗೆ ಹಸಿರು ಬಳ್ಳಿಯ ಚಿತ್ರದ ನಡುವೆ ‘ಅಂಟು ಉಚಿತ, ಹಾಲು ಉಚಿತ, ಚಿಂತೆ ಉಚಿತ’ ಎಂಬ ಮೂರು ವಾಗ್ದಾನಗಳು. ಇಂಗ್ಲಿಷಿನ ‘ಫ್ರೀ’ ಎಂಬ ಬಡಪಾಯಿ ಪದ ಎರಡು ಮನೆಯಲ್ಲಿ ಉಣ್ಣುತ್ತದೆ ಎಂಬುದು ನಮಗೂ ತಿಳಿದಿದೆ. ‘ಇಲ್ಲ’ ಎನ್ನಬೇಕಾದಲ್ಲಿಯೂ ಅದೇ, ‘ಪುಕ್ಕಟೆ’ ಎನ್ನಬೇಕಾದಲ್ಲಿಯೂ ಅದೇ. ಆ ಕವಲುದಾರಿಯಲ್ಲಿ ತಾವು ಯಾವ ಕಡೆ ತಿರುಗಿದಿರಿ ಎಂಬುದು ಈಗ ನಮ್ಮ ಬೀದಿಗೆಲ್ಲ ಗೊತ್ತು. ಹಾಲನ್ನು ಹತ್ತಿರಕ್ಕೂ ಬಿಟ್ಟುಕೊಂಡಿಲ್ಲ ಎಂದು ಹೇಳಹೊರಟವರು ಹಾಲನ್ನು ಪುಕ್ಕಟೆ ಕೊಡುತ್ತೇವೆ ಎಂದಿರಿ. ಗ್ಲೂಟನ್ ಎಂಬ ಗೋಧಿಯ ಜಿಗುಟು ಇಲ್ಲ ಎನ್ನಹೊರಟವರು ಅಂಟನ್ನು ದಾನ ಮಾಡಿದಿರಿ.

ನಾನು ಇದನ್ನು ಓದಿ ನಕ್ಕು ಸುಮ್ಮನಾದೆ. ಬಿಸ್ಕತ್ತಿಗೆ ಬೇಕಾದದ್ದು ಓಟ್ಸ್ ಹಿಟ್ಟು, ಒಣ ಕೊಬ್ಬರಿ ತುರಿ, ಕೊಬ್ಬರಿ ಎಣ್ಣೆ, ಸಕ್ಕರೆ, ಹಿಸುಕಿದ ಬಾಳೆಹಣ್ಣು, ಚಿಟಿಕೆ ಉಪ್ಪು, ಚಿಟಿಕೆ ಸೋಡಾ ಅಷ್ಟೇ. ಕಲಸಬೇಕು, ತಟ್ಟಬೇಕು, ಅಂಚು ಕೆಂಪಾಗುವ ತನಕ ಓವನ್ನಿನಲ್ಲಿ ಬೇಯಿಸಬೇಕು. ನಿಜಕ್ಕೂ ಸರಳ, ತಾವು ಬಾಯಿ ಮುಚ್ಚಿಕೊಂಡಿದ್ದರೆ ಇನ್ನೂ ಸರಳವಾಗಿರುತ್ತಿತ್ತು. ಎಲ್ಲವನ್ನೂ ಕಲಸಿಟ್ಟು ಮುಂದೇನೆಂದು ನೋಡಿದರೆ, ‘ಬಿಸ್ಕತ್ತಿನ ಹಾಳೆಯ ಮೇಲೆ ಚಮಚಗಳಿಂದ ಬೀಳಿಸಿರಿ’ ಎಂಬ ತಮ್ಮ ಅಪ್ಪಣೆ. ನಮ್ಮ ಚಿಕ್ಕಮ್ಮ ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುವವರು. ‘ಹಾಳೆ’ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ದಪ್ಪನೆಯದು ಬೇಕೋ ತೆಳ್ಳನೆಯದು ಸಾಕೋ ಎಂದು ವಿಚಾರಿಸಿದರು. ಹಾಳೆಯೆಂದರೆ ತಗಡಿನ ತಟ್ಟೆಯಿರಬೇಕೆಂದು ನಾನು ಊಹಿಸಿ, ಅದನ್ನು ಕೇಳಿ ತರಲು ಮೇಲಿನ ಮಹಡಿಯ ಡ್ರೈವಿಂಗ್ ಶಾಲೆಯ ಮೇಡಂ ಮನೆಗೆ ಹೋದೆ. ಅವರು ತಟ್ಟೆಯ ಜೊತೆಗೆ ಆ ತಟ್ಟೆಯನ್ನು ಕೊಂಡ ಕತೆಯನ್ನೂ ಕೊಡದೆ ಬಿಡುವವರಲ್ಲ. ಅಷ್ಟು ಹೊತ್ತಿನಲ್ಲಿ ಕೆಳಗೆ ತಮ್ಮ ಕನ್ನಡ ನನ್ನ ಮನೆಯವರ ಕೈಗೆ ಒಂಟಿಯಾಗಿ ಸಿಕ್ಕಿತು.

ಅಪ್ಪ ಪೊಟ್ಟಣವನ್ನು ಕನ್ನಡಕ ಏರಿಸಿ ಓದಿದರು. ‘ಹಾಲು ಉಚಿತ’ ಎಂದು ಮುದ್ರಿಸಿ ಹಾಲು ಕೊಡದಿರುವುದು ಅವರ ಲೆಕ್ಕದಲ್ಲಿ ತೂಕದಲ್ಲಿ ಮೋಸ ಮಾಡಿದ್ದಕ್ಕಿಂತ ದೊಡ್ಡ ಅಪರಾಧ. ನಿವೃತ್ತಿಯಾದಾಗಿನಿಂದ ಅಪರಾಧವೊಂದೂ ಸಿಗದೆ ಒಣಗಿಹೋಗಿದ್ದ ಮನುಷ್ಯ ಚಪ್ಪಲಿ ಮೆಟ್ಟಿ ಮೂಲೆಯಂಗಡಿಗೆ ನಡೆದರು. ಅಂಗಡಿಯವನು ಮೊದಲು ನಕ್ಕನಂತೆ, ಆಮೇಲೆ ಓದಿ ನೋಡಿದನಂತೆ, ಆಮೇಲೆ ಸರದಿಯಲ್ಲಿದ್ದವರೆಲ್ಲ ತಮ್ಮ ತಮ್ಮ ಪೊಟ್ಟಣ ತಿರುಗಿಸಿ ನೋಡತೊಡಗಿದ್ದನ್ನು ಕಂಡು, ತಣ್ಣಗಿನ ಪೆಟ್ಟಿಗೆಯಿಂದ ಒಂದು ಹಾಲಿನ ಪ್ಯಾಕೆಟ್ ತೆಗೆದು ಕೈಗಿಟ್ಟು ಕೈಮುಗಿದನಂತೆ. ಮೊಮ್ಮಗಳಿಗೆ ಹಾಲು ಆಗುವುದಿಲ್ಲವೆಂದು ಅಪ್ಪನಿಗೆ ಗೊತ್ತಿಲ್ಲವೆಂದಲ್ಲ. ಆದರೆ ಇಂಥ ಮಕ್ಕಳಿಗೆಂದೇ ಮಾಡಿದ ಹಿಟ್ಟಿನ ಜೊತೆ ಕಂಪನಿಯೇ ಕೊಡುತ್ತಿರುವ ಹಾಲೆಂದ ಮೇಲೆ ಅದು ಇಂಥ ಮಕ್ಕಳಿಗೆ ಆಗುವ ಹಾಲೇ ಇರಬೇಕೆಂದು ಅವರು ತರ್ಕಿಸಿದರು. ತಮ್ಮ ಮೇಲೆ ಅವರಿಟ್ಟ ಆ ನಂಬಿಕೆಯನ್ನು ದಯವಿಟ್ಟು ಗಮನಿಸಬೇಕು. ಸ್ವಂತ ಮಗನ ಮೇಲೆ ಅವರು ಅಷ್ಟನ್ನು ಇಟ್ಟದ್ದು ನಾನು ಕಂಡಿಲ್ಲ.

ಇತ್ತ ಚಿಕ್ಕಮ್ಮ ಕಲಸಿಟ್ಟ ಹಿಟ್ಟನ್ನು ಮುಟ್ಟಿ ನೋಡಿ, ಅದು ಕೈಯಲ್ಲಿ ನಿಲ್ಲದೆ ಪುಡಿಪುಡಿಯಾಗಿ ಉದುರಿದ್ದನ್ನು ಕಂಡು, ಅಂಟು ಉಚಿತವೆಂದು ಬರೆದೂ ಅಂಟಿನ ಪುಡಿಯನ್ನು ಒಳಗಿಡಲು ಮರೆತಿದ್ದಾರೆಂದು ತೀರ್ಮಾನಿಸಿದರು. ಅಂಟು ಹೇಗೆ ಮಾಡುವುದೆಂದು ಬೈಂಡಿಂಗ್ ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೈದಾ, ನೀರು, ಸಣ್ಣ ಉರಿ, ಗಂಟಾಗದ ಹಾಗೆ ತಿರುವುವ ಕೈ. ಗೋಧಿ ಕೂಡದು ಎಂದು ಅಕ್ಕ ನೂರು ಸಲ ಹೇಳಿದ್ದಳು. ಮೈದಾ ಕೂಡದು ಎಂದು ಪ್ರತ್ಯೇಕವಾಗಿ ಹೇಳಿರಲಿಲ್ಲ. ಚಿಕ್ಕಮ್ಮನ ಮಟ್ಟಿಗೆ ಗೋಧಿ ತಿನ್ನುವ ವಸ್ತು, ಮೈದಾ ಪುಸ್ತಕದ ಬೆನ್ನಿಗೆ ಬಳಿಯುವ ವಸ್ತು. ಎರಡೂ ಒಂದೇ ಕಾಳಿನಿಂದ ಬಂದವೆಂಬ ಯೋಚನೆ ಅವರ ತಲೆಯಲ್ಲಿ ಎಂದೂ ಸುಳಿದಿರಲಿಲ್ಲ. ಹುಳ ಹಿಡಿಯದಿರಲೆಂದು ಅಂಗಡಿಯಲ್ಲಿ ಆ ಅಂಟಿಗೆ ಚೂರು ಮೈಲುತುತ್ತವನ್ನೂ ಬೆರೆಸುತ್ತಾರಂತೆ. ‘ಮೈಲುತುತ್ತ ಉಚಿತ’ ಎಂದು ತಾವು ಬರೆಯದೆ ಕೃಪೆ ತೋರಿದ್ದಕ್ಕೆ ನಮ್ಮ ಇಡೀ ಕುಟುಂಬ ತಮಗೆ ಚಿರಋಣಿ.

ನಾನು ತಟ್ಟೆಯೊಂದಿಗೆ ಇಳಿದು ಬಂದಾಗ ಹಿಟ್ಟು ಹದವಾಗಿ, ಮುದ್ದೆಯಾಗಿ, ನನ್ನನ್ನೇ ಕಾಯುತ್ತಿತ್ತು. ಬಾಳೆಹಣ್ಣು ನೆಂದು ಹೊಂದಿಕೊಂಡಿರಬೇಕೆಂದು ಹಿಗ್ಗಿ ಬೇಯಿಸಿದೆ. ಬಿಸ್ಕತ್ತುಗಳು ಹೇಗೆ ಬಂದವೆನ್ನುತ್ತೀರಿ? ಹೊಂಬಣ್ಣ, ದುಂಡು, ಒಂದು ಕಡೆಯೂ ಬಿರುಕಿಲ್ಲ, ಚೆನ್ನಾಗಿ ಹೊಲಿದು ರಟ್ಟು ಹಾಕಿದ ಪುಸ್ತಕದಷ್ಟು ಗಟ್ಟಿಮುಟ್ಟು. ಮನೆ ತುಂಬ ಕೊಬ್ಬರಿಯ ಪರಿಮಳ. ಇನ್ಸ್‌ಪೆಕ್ಟರಮ್ಮ ಸ್ಟೂಲು ಎಳೆದುಕೊಂಡು ಬಂದು ಕೂತು, ವಾಡಿಕೆಯಂತೆ ಪೊಟ್ಟಣ ಕೇಳಿದಳು. ಕೊಟ್ಟೆ. ತುಟಿ ಅಲ್ಲಾಡಿದವು, ನಿಂತವು.

“ಮಾಮ, ಹಾಲು ಉಚಿತ ಅಂತಿದೆ. ಹಾಗಂದ್ರೆ ಹಾಲು ಕೊಟ್ಟಿದಾರೆ ಅಂತ ಅಲ್ವಾ?”

ಅದು ಹಾಗಲ್ಲ ಪುಟ್ಟಾ ಎಂದು ನಾನು ನಗುತ್ತ ಬಾಯಿ ತೆರೆಯುವಷ್ಟರಲ್ಲಿ, ಬಾಗಿಲ ಬಳಿ ಎದೆಯುಬ್ಬಿಸಿ ನಿಂತಿದ್ದ ಅಪ್ಪ ಉತ್ತರಿಸಿದರು.

“ಅವರಾಗಿ ಎಲ್ಲಿ ಕೊಡ್ತಾರೆ ಮರಿ. ನಾನೇ ಹೋಗಿ ವಸೂಲಿ ಮಾಡ್ಕೊಂಡು ಬಂದು ಹಾಕಿದೀನಿ.”

ಚಿಕ್ಕಮ್ಮನೂ ಹಿಂದೆ ಬೀಳದೆ, ಅಂಟಿನ ಬಾಕಿಯನ್ನು ತಾವು ತೀರಿಸಿದ ಬಗೆಯನ್ನು ವಿವರಿಸಿದರು. ಮುಂದಿನದನ್ನು ಬರೆಯಲು ತಮ್ಮ ಶೈಲಿ ನನಗೆ ಒಲಿದಿಲ್ಲ. ಮಗುವಿನ ಬೆರಳು ತಟ್ಟೆಯಂಚಿನಲ್ಲಿತ್ತು. ಅದನ್ನು ಅವಳು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಫ್ರಾಕಿಗೆ ಒರೆಸಿಕೊಂಡಳು ಎಂದಷ್ಟೇ ಹೇಳುತ್ತೇನೆ. ಅಪ್ಪ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು, ಆ ಪೊಟ್ಟಣವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೀಗೆ ತಾವು ಕೊಟ್ಟ ಮೂರು ವಾಗ್ದಾನಗಳಲ್ಲಿ ಅಂಟನ್ನೂ ಹಾಲನ್ನೂ ನಾವೇ ಹೊಂದಿಸಿಕೊಳ್ಳಬೇಕಾಯಿತು. ಚಿಂತೆಯನ್ನು ಮಾತ್ರ ತಾವು ಮಾತು ಕೊಟ್ಟಂತೆ ಸಂಪೂರ್ಣ ಉಚಿತವಾಗಿ, ಧಾರಾಳವಾಗಿ, ಮನೆ ಬಾಗಿಲಿಗೇ ತಲುಪಿಸಿದಿರಿ. ವ್ಯಾಪಾರದಲ್ಲಿ ಇಷ್ಟು ಪ್ರಾಮಾಣಿಕತೆ ಈಗ ಎಲ್ಲಿದೆ?

ಪಾತ್ರೆ, ತಟ್ಟೆ, ಕಟ್ಟೆ ಎಲ್ಲವನ್ನೂ ಉಜ್ಜಿ ತೊಳೆದು, ಚಿಕ್ಕಮ್ಮನನ್ನು ಅಡುಗೆಮನೆಯ ಹೊರಗೆ ಗೌರವಪೂರ್ವಕವಾಗಿ ಕೂರಿಸಿ, ಹೊಸ ಪೊಟ್ಟಣ ತರಿಸಿ (ಅಪ್ಪ ಬರುವುದನ್ನು ಕಂಡು ಅಂಗಡಿಯವನು ತಣ್ಣಗಿನ ಪೆಟ್ಟಿಗೆಗೆ ಬೀಗ ಹಾಕಿದನಂತೆ) ನಾನು ಎರಡನೆಯ ಸಲ ಮಾಡಿದೆ. ಹಾಲಿಲ್ಲ, ಮೈದಾ ಇಲ್ಲ. ಬಾಳೆಹಣ್ಣು ಒಂದು ಹೆಚ್ಚಿಗೆ. ಅಂಚು ಒಡೆದ, ಸೊಟ್ಟಗಿನ, ಆದರೆ ಬಾಯಿಗಿಟ್ಟರೆ ಕೊಬ್ಬರಿ ಕರಗುವ ಬಿಸ್ಕತ್ತು. ಕಲಸಿದ್ದು, ತಟ್ಟಿದ್ದು, ಬೇಯಿಸಿದ್ದು ಎಲ್ಲವೂ ಇನ್ಸ್‌ಪೆಕ್ಟರಮ್ಮನ ಕಣ್ಣೆದುರೇ. ಆಮೇಲೆ ಅವಳು ಹೊಸ ಪೊಟ್ಟಣ ಕೇಳಿ, ತಿರುಗಿಸಿ, ಓದಿ, ನನಗೆ ವಾಪಸು ಕೊಟ್ಟಳು.

ನಾನು ಇಂಗ್ಲಿಷ್ ವಿವರಿಸಿದೆ, ಕನ್ನಡ ವಿವರಿಸಿದೆ, ಎರಡರ ನಡುವೆ ತಾವು ಜಾರಿ ಬಿದ್ದ ಜಾಗವನ್ನು ಬೆರಳಿಟ್ಟು ತೋರಿಸಿದೆ. ಉಹುಂ. ಅಕ್ಕ ಫೋನಿನಲ್ಲಿ ಧೈರ್ಯ ಹೇಳಿದರೆ, ನೀನು ಪೊಟ್ಟಣ ನೋಡಿಲ್ಲವಲ್ಲ ಎಂದು ತಾಯಿಗೇ ಪಾಠ ಹೇಳಿದಳು. ಅಪ್ಪ ಕೊನೆಯ ಅಸ್ತ್ರವಾಗಿ ಕೆಂಪು ಪೆನ್ನು ತೆಗೆದು, ‘ಉಚಿತ’ವನ್ನು ಹೊಡೆದು ಹಾಕಿ, ಮೇಲೆ ‘ಇಲ್ಲ’ ಎಂದು ದುಂಡಗೆ ಬರೆದು, ಕೆಳಗೆ ಹಳೆಯ ದರ್ಪದಲ್ಲಿ ರುಜು ಹಾಕಿ ಮುಂದಿಟ್ಟರು. ಅವಳು ಅದನ್ನು ನೋಡಿ ಹೇಳಿದ ಮಾತನ್ನು ತಮ್ಮ ಕಚೇರಿಯ ಗೋಡೆಗೆ ಅಂಟಿಸಿಕೊಳ್ಳುವಿರಾದರೆ ಬೇಕಾದ ಅಂಟನ್ನು ಚಿಕ್ಕಮ್ಮ ಕಳಿಸಿಕೊಡುತ್ತಾರೆ.

“ತಾತ, ನೀವು ಬರೆದ್ರೆ ಆಗಲ್ಲ. ಮಾಡಿದವರು ಬರೀಬೇಕು.”

ಮಾನ್ಯರೇ, ಅವಳಿಗೆ ಹೊಟ್ಟೆನೋವು ಕಲಿಸಿದ ಪಾಠ ಇದೊಂದೇ: ಮನೆಯವರ ಪ್ರೀತಿಯನ್ನು ನಂಬು, ಆದರೆ ತಿನ್ನುವ ಮೊದಲು ಪೊಟ್ಟಣವನ್ನು ನಂಬು. ನಮ್ಮ ಮನೆಯಲ್ಲಿ ತಮ್ಮ ಮಾತಿಗೆ ತಾಯಿಯ ಮಾತಿಗಿಂತ ಮೇಲಿನ ಸ್ಥಾನವಿದೆ. ಆ ಸ್ಥಾನದಲ್ಲಿ ಕೂತು ತಾವು ಬರೆದದ್ದು ಇದು.

ಶನಿವಾರ ಅವಳು ಬಿಸ್ಕತ್ತಿನ ಡಬ್ಬಿ ಹೊತ್ತು ಶಾಲೆಗೆ ಹೋದಳು, ಹಂಚಿದಳು. ಇಡೀ ತರಗತಿ ಮುಗಿಬಿದ್ದು ತಿಂದಿತು. ಮೇಷ್ಟರು ಇನ್ನೊಂದು ಕೇಳಿ ಇಸಿದುಕೊಂಡರಂತೆ. ಅವಳು ಪಕ್ಕದಲ್ಲಿ ಕೂತು ಸೇಬು ತಿಂದಳು. ಮನೆಗೆ ಬಂದು, ಎಲ್ಲರಿಗೂ ಇಷ್ಟವಾಯಿತು ಮಾಮ, ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಪರಿಹಾರವಾಗಿ ನಮ್ಮ ಕೋರಿಕೆಗಳನ್ನು ಸಲ್ಲಿಸಬೇಕು. ಅಪ್ಪನ ಬೇಡಿಕೆ, ಹಾಲು ಉಚಿತವೆಂದ ಮೇಲೆ ಅದನ್ನು ಕೊಡುವ ಹಸುವನ್ನೂ, ಹಸು ಕಟ್ಟಲು ಮೂರನೇ ಮಹಡಿಯಲ್ಲಿ ಕೊಟ್ಟಿಗೆಯನ್ನೂ ಒದಗಿಸಬೇಕೆಂಬುದು. ಚಿಕ್ಕಮ್ಮನ ಬೇಡಿಕೆ, ಬೈಂಡಿಂಗ್ ಅಂಗಡಿಗೆ ಜೀವನಪರ್ಯಂತ ಅಂಟು ಸರಬರಾಜಾಗಬೇಕೆಂಬುದು. ಒಂದು ವೇಳೆ ತಾವು, ‘ಉಚಿತ’ಕ್ಕೆ ‘ತಕ್ಕದ್ದು’ ಎಂಬ ಇನ್ನೊಂದು ಅರ್ಥವೂ ಇದೆಯೆಂದು ನಿಘಂಟು ಹಿಡಿದು ಎದ್ದು ನಿಂತರೆ, ದಯವಿಟ್ಟು ಹಾಗೆಯೇ ಕೂತುಕೊಳ್ಳಿ. ಹಾಲು ತಕ್ಕದ್ದು, ಅಂಟು ತಕ್ಕದ್ದು ಎಂದರೆ ಮಗುವಿಗೆ ಇನ್ನೂ ಕೇಡು.

ನನ್ನ ಕೋರಿಕೆ ಬಹಳ ಚಿಕ್ಕದು. ಆ ಎರಡನೆಯ ಸಲದ ಬಿಸ್ಕತ್ತುಗಳಲ್ಲಿ ಒಂದನ್ನು ಅವಳು ಸ್ಟೀಲ್ ಡಬ್ಬಿಯಲ್ಲಿ ಹಾಕಿ ನಮ್ಮ ಕಪಾಟಿನ ಮೇಲಿಟ್ಟಿದ್ದಾಳೆ. ಮಾಡಿದವರು ಬರೆದು ಕಳಿಸಿದ ದಿನ ತಿನ್ನುತ್ತಾಳಂತೆ. ಅದು ದಿನೇ ದಿನೇ ಗಟ್ಟಿಯಾಗುತ್ತಿದೆ. ನಿನ್ನೆ ಅಪ್ಪ ಅದನ್ನು ಮೇಜಿಗೆ ಕುಟ್ಟಿ, ತೂಕದ ಬಟ್ಟಾಗಿ ಬಳಸಬಹುದೆಂದು ಪ್ರಮಾಣೀಕರಿಸಿದರು. ತಿಂಗಳೊಪ್ಪತ್ತು ಆದರೂ ಸರಿ, ಹೊಸದಾಗಿ ಮಾಡಿಕೊಡಲು ನಾನು ಸಿದ್ಧ. ತಾವು ಮಾಡಬೇಕಾದದ್ದು ಒಂದೇ: ತಮ್ಮ ಕಂಪನಿಯ ಕಾಗದದ ಮೇಲೆ, ತಮ್ಮ ಕೈಯಾರೆ, ‘ಹಾಲು’ ಎಂಬುದರ ಮುಂದೆ ‘ಇಲ್ಲ’ ಎಂದು ಬರೆದು ಕಳಿಸಬೇಕು. ಎರಡೇ ಅಕ್ಷರ. ತಾವು ಬರೆದ ‘ಉಚಿತ’ಕ್ಕಿಂತ ಒಂದು ಅಕ್ಷರ ಕಡಿಮೆ, ಆದ್ದರಿಂದ ಶಾಯಿಯೂ ಉಳಿಯುತ್ತದೆ.

ಪೊಟ್ಟಣದ ಮುಂಬದಿಯ ಮೇಲೆ ಮಾತ್ರ ಇನ್ನೂ ವಿಶ್ವಾಸವಿಟ್ಟಿರುವ,

ತಮ್ಮ ವಿಶ್ವಾಸಿ,
ಇನ್ಸ್‌ಪೆಕ್ಟರಮ್ಮನ ಮಾಮ

ಮರೆತ ಮಾತು: ಈ ದೂರಿಗಾಗಿ ನಾವು ತಮ್ಮಿಂದ ಯಾವ ಶುಲ್ಕವನ್ನೂ ವಸೂಲು ಮಾಡುತ್ತಿಲ್ಲ, ಅಂದರೆ ಇದು ‘ದೂರು ಉಚಿತ’ ಪತ್ರ. ತಮ್ಮ ಕನ್ನಡದಲ್ಲಿ ಹಾಗೆಂದರೆ ದೂರೇ ಇಲ್ಲವೆಂದು ಅರ್ಥವಾಗಿ, ತಾವು ಇದನ್ನು ಮೆಚ್ಚುಗೆಯ ಪತ್ರಗಳ ಕಡತಕ್ಕೆ ಸೇರಿಸಿಬಿಡುವ ಸಂಭವವಿದೆ. ಆದ್ದರಿಂದ ಲಕೋಟೆಯ ಮೇಲೆ ಅಪ್ಪ ಕೆಂಪು ಶಾಯಿಯಲ್ಲಿ ‘ದೂರು ಇದೆ’ ಎಂದು ಬರೆದು, ರುಜು ಹಾಕಿ, ಚಿಕ್ಕಮ್ಮನ ಮೈದಾ ಅಂಟಿನಿಂದಲೇ ಮುಚ್ಚಿದ್ದಾರೆ. ತೆರೆಯಲು ಕಷ್ಟವಾದರೆ ಕ್ಷಮೆಯಿರಲಿ. ಅಂಟು ಇದ್ದಲ್ಲಿ ನಾವು ಇದೆ ಎಂದೇ ಹೇಳುತ್ತೇವೆ.