ರಾಜನ ಬೆಲೆ ನಾಲ್ಕು

ಆ ಬೆಳಿಗ್ಗೆ ಕಪ್ಚಗಾಯ್ ಸರೋವರದ ಕಡೆಯಿಂದ ಎದ್ದ ಚಳಿಗಾಳಿ ಊರವರ ಟೋಪಿಗಳನ್ನೆಲ್ಲ ಹಾರಿಸಿಕೊಂಡು ಹೋಯಿತು. ಮಧ್ಯಾಹ್ನದವರೆಗೆ ಕುರಿಸಂತೆ ಸೇರುವಂತಿರಲಿಲ್ಲ. ಕೆನೆಸನ ಕೇಡಿಗೆ ಅಷ್ಟೇ ಸಾಕಾಯಿತು.

ಸಂಜೆ ಬೀಗರು ಮೊದಲ ಸಲ ಮನೆಗೆ ಬರುವವರಿದ್ದರು. ಮಕ್ಕಳ ಮದುವೆಯ ಮಾತುಕತೆಯೆಲ್ಲ ಫೋನಿನಲ್ಲೇ ಕುದುರಿತ್ತು. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಬೀಗರ ಮುಂದೆ ಬೇಯಿಸಿದ ಕುರಿತಲೆ ಇಡದಿದ್ದರೆ ಸಂಬಂಧ ಮುರಿದಂತೆಯೇ.

"ಕುರಿ ಇಲ್ದೆ ಬಂದ್ರೆ ನಿಮ್ಮ ತಲೇನೇ ತಟ್ಟೇಲಿಡ್ತೀನಿ" ಎಂದೇ ಹೆಂಡತಿ ಮಾರಾಲ್ ದುಡ್ಡು ಕೊಟ್ಟಿದ್ದಳು.

ಚಳಿ ತಪ್ಪಿಸಿಕೊಳ್ಳಲು ಕೆನೆಸ್ ಸಂತೆಯ ಎದುರಿನ ಕ್ಯಾಸಿನೊ ಹೊಕ್ಕ. ಅಲ್ಲಿ ಇಸ್ಪೀಟಿನ ಇಪ್ಪತ್ತೊಂದರ ಆಟ; ಎಲೆಗಳ ಲೆಕ್ಕ ಇಪ್ಪತ್ತೊಂದು ದಾಟಿದರೆ ಸೋಲು. ಹಂಚುವ ಹುಡುಗಿ ತನ್ನ ಎರಡೂ ಎಲೆಗಳನ್ನು ಬಿಚ್ಚಿಯೇ ಇಡುತ್ತಿದ್ದಳು. ಅಬ್ಬಾ, ಕುರಿ ಮಾರುವವನು ತಾನಾಗಿಯೇ ಅದರ ಹಲ್ಲು ತೋರಿಸಿದ ಹಾಗೆ! ಸೈನ್ಯದಲ್ಲಿದ್ದಾಗ ಈ ಆಟದ ಹುಲಿ ಎನಿಸಿಕೊಂಡವನು, ಕುರಿಯ ದುಡ್ಡಿಗೆ ಪಣದ ಬಿಲ್ಲೆ ಕೊಂಡು ಕೂತೇಬಿಟ್ಟ.

ಕೈಯಲ್ಲಿ ಹದಿನೇಳು. ಇನ್ನೊಂದು ಎಲೆ ಕೇಳಿದ. ರಾಜ ಬಂತು.

"ಇಪ್ಪತ್ತೊಂದು!"

"ಇಪ್ಪತ್ತೇಳು, ಅಣ್ಣಾ. ರಾಜನಿಗೆ ಹತ್ತು."

"ನಮ್ಮ ಸೈನ್ಯದಲ್ಲಿ ನಾಲ್ಕೇ!"

"ಪಾಪ, ಸೈನ್ಯದಲ್ಲಿ ರಾಜನಿಗೂ ಸಂಬಳ ಕಮ್ಮಿ" ಎಂದ, ಪಕ್ಕದಲ್ಲಿ ಕೂತಿದ್ದ ನರಿತುಪ್ಪಳದ ಟೋಪಿಯ ಮುದುಕ.

ಮುಂದಿನ ಆಟದಲ್ಲಿ ಅವನಿಗೂ ಹುಡುಗಿಗೂ ಇಪ್ಪತ್ತು. ಸಮ ಆಯಿತಲ್ಲ ಎಂದು ಕೆನೆಸ್ ಉಸಿರು ಬಿಡುವಷ್ಟರಲ್ಲಿ ಹುಡುಗಿ ಬಿಲ್ಲೆಗಳನ್ನು ಬಾಚಿಕೊಂಡಳು.

"ನಮ್ಮ ಎಲೆ ತೋರಿಸೇ ಆಡ್ತೀವಲ್ಲಣ್ಣಾ, ಅದಕ್ಕೇ ಸಮ ಬಂದ್ರೆ ನಮಗೇ."

ಉಳಿದದ್ದು ಒಂದೇ ಬಿಲ್ಲೆ. ಮುದುಕ ಕೈ ಚಾಚಿದ. "ತಮ್ಮಾ, ಅದನ್ನ ಕೊಟ್ಟಿರು. ಆ ಮೇಜಲ್ಲಿ ಗೆದ್ದು ಈಗ್ಲೇ ತಂದ್ಕೊಡ್ತೀನಿ." ಹಿರಿಯರು ಕೇಳಿದ್ದಕ್ಕೆ ಇಲ್ಲವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಕೊಟ್ಟ. ಮುದುಕ ಹೋದವನು ಹೋದನೇ.

ಮನೆಯಲ್ಲಿ ಮಾರಾಲ್ ಖಾಲಿ ಕೈ ನೋಡಿ ಬಾಯಿ ತೆರೆಯುವಷ್ಟರಲ್ಲಿ ಬೀಗರ ಕಾರು ಬಂತು. ಮೊದಲು ಇಳಿದದ್ದು ನರಿತುಪ್ಪಳದ ಟೋಪಿ.

ಇಬ್ಬರೂ ಬಿಳಿಚಿಕೊಂಡರು. ಮುದುಕನೇ ಮೊದಲು ಚೇತರಿಸಿಕೊಂಡ. "ಬೀಗಿತ್ತೀ, ನನಗೆ ಡಾಕ್ಟ್ರು ಮಾಂಸ ಮುಟ್ಟಬೇಡ ಅಂದಿದಾರೆ. ಆಲೂಗಡ್ಡೆ ಬೇಯ್ಸಿ ಸಾಕು!"

ಕೆನೆಸನಿಗೆ ದೇವರೇ ನರಿತುಪ್ಪಳದ ಟೋಪಿ ಹಾಕಿಕೊಂಡು ಬಂದಂತಾಯಿತು.

"ಯಾವ ಡಾಕ್ಟ್ರು?" ಎಂದಳು ಮುದುಕನ ಹೆಂಡತಿ. "ಆಗ್ಲಿ, ಪಥ್ಯ ಮುಗಿಸ್ಲಿ. ಬರೋ ಶುಕ್ರವಾರ ನಮ್ಮ ಕಡೆಯವರನ್ನೆಲ್ಲ ಕರ್ಕೊಂಡು ಬರ್ತೀವಿ. ಆಗ ಎರಡು ಕುರಿ ಕಡಿಸಿ, ಬೀಗರೇ."

ಕೆನೆಸ್ ಗೋಡೆಗೊರಗಿದ. ಮುದುಕ ಅಪ್ಪಿಕೊಳ್ಳುವ ನೆಪದಲ್ಲಿ ಹತ್ತಿರ ಬಂದ.

"ಆಡಲಿಲ್ಲ ಬೀಗರೇ. ನನ್ನ ಹೆಂಡ್ತಿ ಕ್ಯಾಸಿನೊ ಬಾಗಿಲಲ್ಲಿ ಕಂಡಳು, ಓಡಿಬಿಟ್ಟೆ" ಎಂದು ಪಿಸುಗುಟ್ಟಿ, ಆ ಒಂದು ಬಿಲ್ಲೆಯನ್ನು ಸದ್ದಿಲ್ಲದೆ ಅವನ ಅಂಗೈಯಲ್ಲಿಟ್ಟ.