ಇಂಗ್ಲಿಷಿಗೆ ‘ರಿ’ ಹಚ್ಚಿದವರು

ರಾಣೆಬೆನ್ನೂರಿನಲ್ಲಿ ಇಂಗ್ಲಿಷ್ ಮಾಸ್ತರನಾದವನಿಗೆ ನಿವೃತ್ತಿ ಅನ್ನುವುದೇ ಇಲ್ಲ. ಮಾತ್ರೆಯ ಚೀಟಿಯಿಂದ ಹಿಡಿದು ಮಿಕ್ಸರಿನ ರಟ್ಟಿನ ಪೆಟ್ಟಿಗೆಯವರೆಗೆ ಓಣಿಗೆ ಬಂದ ಇಂಗ್ಲಿಷೆಲ್ಲ ಮೊದಲು ನನ್ನ ಕಟ್ಟೆಗೇ ಬರುತ್ತದೆ, ಜತೆಗೊಂದು ಫಜೀತಿಯನ್ನೂ ತರುತ್ತದೆ. ಹೋದ ವರ್ಷ ಹಾಗೆ ಬಂದದ್ದು ಸಿಂಗಾಪುರ.

ಹೊರಟವರು ಮೂವರು. ನಮ್ಮ ಓಣಿಯ ಖಾನಾವಳಿ ಅಕ್ಕ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಕಾಕಾ, ಮತ್ತು ಹಾವೇರಿ ಕೋರ್ಟಿನಲ್ಲಿ ಕಕ್ಷಿದಾರರ ಹೆಸರು ಕೂಗಿ ಕೂಗಿಯೇ ನಿವೃತ್ತರಾದ ಜವಾನರು. ಮೂವರದೂ ಒಂದೇ ಭಜನಾ ಮಂಡಳಿ. ಮಾತಿಗೊಬ್ಬ ಬೇಕು ಎಂದು ನನ್ನನ್ನೂ ಸೇರಿಸಿಕೊಂಡರು. ಹೊರಡುವ ತನಕ ದಿನಾ ಸಂಜೆ ನನ್ನ ಪಡಸಾಲೆಯಲ್ಲಿ ಇಂಗ್ಲಿಷ್ ಪಾಠ.

ಮೂವರಲ್ಲಿ ಅಕ್ಕನಿಗೆ ಮಾತ್ರ ಇದು ಹಟದ ಮಾತಾಗಿತ್ತು. ಮದುವೆಯಾದಾಗಿನಿಂದ ಖಾನಾವಳಿಯ ಒಲೆ ಬಿಟ್ಟು ಎಲ್ಲೂ ಹೋದವರಲ್ಲ. ಅವರ ತಮ್ಮನೋ, ಅಕ್ಕನ ಮೇಲಿನ ಅಕ್ಕರೆಯಿಂದಲೇ ಅಡ್ಡಗಾಲು ಹಾಕುವ ಮನುಷ್ಯ. ಇಂಗ್ಲಿಷಿನ ಒಂದಕ್ಷರ ಬಾರದವಳು ಅಲ್ಲಿ ಹಾದಿ ತಪ್ಪಿದರೆ ಗತಿಯೇನು ಎಂದು ಅವನ ತಕರಾರು. ಒಂದು ಸಲ ಹಾದಿ ತಪ್ಪಿಸಿಕೊಂಡರೂ ಇದೇ ಕೊನೆಯ ಪ್ರವಾಸ ಎಂದು ಕರಾರು ಹಾಕಿಯೇ ಒಪ್ಪಿದ್ದ.

“ಹಾದಿ ಕೇಳಾಕ ಎಷ್ಟು ಬೇಕೋ ಅಷ್ಟು ಕಲಸ್ರಿ ಸರ,” ಎಂದರು ಅಕ್ಕ. “ಉಳದಿದ್ದು ನಿಮ್ಮ ಕಡೇನ ಇರಲಿ.”

ಸಾರಿ

ಮೊದಲ ದಿನವೇ ತಿಳಿಯಿತು, ನನ್ನ ವೈರಿ ವ್ಯಾಕರಣವಲ್ಲ, ‘ರಿ’. ನಮ್ಮ ಕಡೆಯವರ ಬಾಯಲ್ಲಿ ಮಾತು ಮುಗಿಯುವುದೇ ಅದರಿಂದ. ಅಕ್ಕ ‘ಎಕ್ಸ್‌ಕ್ಯೂಸ್ ಮೀ ರಿ’ ಅನ್ನುವರು, ‘ವೇರ್ ಈಸ್ ಟಾಯ್ಲೆಟ್ ರಿ’ ಅನ್ನುವರು. ಇಂಗ್ಲಿಷಿನಲ್ಲಿ ರಿ ಇಲ್ಲವೆಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ದೊಡ್ಡವರನ್ನು ಹಾಗೆ ಬೋಳು ಬೋಳಾಗಿ ಮಾತಾಡಿಸುವುದು ಹೇಗೆ ಎಂದು ಅವರ ಸಂಕಟ.

ಗದ್ದಲದಲ್ಲಿ ಯಾರಿಗಾದರೂ ಮೈ ತಾಗಿದರೆ ‘ಸಾರಿ’ ಅನ್ನಬೇಕು ಎಂದು ಕಲಿಸಿದೆ. ಅಕ್ಕನ ಮುಖ ಅರಳಿತು. ಇದೊಂದು ಮರ್ಯಾದೆಯ ಮಾತು ಸಿಕ್ಕಿತು ಎಂದು ಮನಸಾರೆ ಬಾಯಿಪಾಠ ಮಾಡಿದರು. ಆಮೇಲೆ ಸ್ವಲ್ಪ ಯೋಚಿಸಿ ಕೇಳಿದರು:

“ಸರ, ಸಣ್ಣ ಹುಡುಗರಿಗೆ ತಾಗಿದ್ರ ಬರೇ ‘ಸಾ’ ಅಂದ್ರ ನಡಿತೈತೇನ್ರಿ?”

ಗೈಡ್

ನೋಡುವ ಜಾಗಗಳಲ್ಲಿ ಮೊದಲು ಗೈಡ್ ಹಿಡಿಯಬೇಕು, ಆಗ ಎಲ್ಲ ತಿಳಿಯುತ್ತದೆ ಎಂದು ಒಂದು ಸಂಜೆ ಹೇಳಿದೆ. ಕೋರ್ಟಿನ ಜವಾನರು ಗಾಬರಿಯಾದರು. ಅವರ ಮನೆಯಲ್ಲಿ ಗೈಡ್ ಅಂದರೆ ಪರೀಕ್ಷೆಗೆ ಮುಂಚೆ ಮಕ್ಕಳು ಹುಡುಕುವ ದಪ್ಪ ಪುಸ್ತಕ. ಸಿಂಗಾಪುರದಲ್ಲಿ ಏನಾದರೂ ಬರೆಸುತ್ತಾರೇನು ಎಂದು ಮೆಲ್ಲಗೆ ವಿಚಾರಿಸಿದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಬ್ಯಾಡಗಿ ಕಾಕಾ ನಡುವೆ ಬಂದರು. ಅವರ ಮಗ ನನ್ನ ಕೈಯಲ್ಲೇ ಕಲಿತವನು.

“ಏನ್ ಮಾಸ್ತರ, ನನ್ನ ಮಗನ ಕೈಯಾಗಿನ ಗೈಡ್ ಕಸಗೊಂಡು ಹರದು ಒಗದಿದ್ರಿ. ಈಗ ನಿಮ್ಮ ಪಾಳಿ ಬಂದ ಕೂಡ್ಲೆ ಗೈಡ್ ಬೇಕಾತೇನು?”

ನೋ ಎಂಟ್ರಿ

ಬೋರ್ಡು ಓದುವ ರೂಢಿಯಾಗಲಿ ಎಂದು ಹಾವೇರಿ ರೈಲ್ವೆ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಅಕ್ಕ ಒಂದೊಂದೇ ಅಕ್ಷರ ಕೂಡಿಸಿ ಓದುತ್ತ ನಡೆದರು. ಒಂದು ಬಾಗಿಲ ಮುಂದೆ ಮಾತ್ರ ನಿಂತೇಬಿಟ್ಟರು. ಮೇಲಿದ್ದ ಬರಹವನ್ನು ಮತ್ತೆ ಮತ್ತೆ ಓದಿ, ಸೆರಗು ಸರಿ ಮಾಡಿಕೊಂಡು, ನನ್ನ ಕಡೆ ಒಂದು ನೋಟ ಬೀರಿದರು. ಮಾಸ್ತರರ ತಪ್ಪು ಹಿಡಿದ ವಿದ್ಯಾರ್ಥಿಯ ನೋಟ ಅದು, ನನಗೆ ಚೆನ್ನಾಗಿ ಗೊತ್ತು.

“ಇಂಗ್ಲಿಷಿನ್ಯಾಗ ರಿ ಇಲ್ಲ ಅಂದ್ರಿ. ಇಲ್ನೋಡ್ರಿ, ಒಳಗ ಬರಬ್ಯಾಡ ಅನ್ನೂದನ್ನೂ ಎಷ್ಟು ಮರ್ಯಾದಿಲೆ ಬರದಾರ. ನೋ ಎಂಟ್ ರಿ.”

ಜವಾನರು ಬೋರ್ಡಿಗೆ ಕೈ ಮುಗಿದು ಹಿಂದೆ ಸರಿದರು.

ಡಬ್ಬಿ

ತಂಪು ಪಾನೀಯ ಕೊಳ್ಳಲು ಬೇಕಾದೀತೆಂದು ‘ಕ್ಯಾನ್’ ಅಂದರೆ ಡಬ್ಬಿ ಎಂದು ಕಲಿಸಿದ್ದೆ. ಅದೇ ನನಗೆ ಮುಳುವಾಯಿತು.

ಸಿಂಗಾಪುರದಲ್ಲಿ ಮೊದಲ ದಿನ ಒಂದು ದೊಡ್ಡ ಹೂದೋಟಕ್ಕೆ ಹೋದೆವು. ಬಾಗಿಲಲ್ಲಿದ್ದವನನ್ನು, ತಾವು ದಯಮಾಡಿ ನಮ್ಮದೊಂದು ಭಾವಚಿತ್ರ ತೆಗೆಯಬಹುದೇ ಎಂದು ನನ್ನ ಶುದ್ಧವಾದ, ಉದ್ದವಾದ ಇಂಗ್ಲಿಷಿನಲ್ಲಿ ಕೇಳಿದೆ. ಅವನು ಪಿಳಿಪಿಳಿ ನೋಡಿದ. ನನ್ನ ಕೈಯಲ್ಲಿದ್ದ ಫೋನು ನೋಡಿದ ಮೇಲೆ ನಕ್ಕು, “ಕ್ಯಾನ್, ಕ್ಯಾನ್” ಅಂದ. ಆಗುತ್ತದೆ ಅನ್ನುವುದನ್ನು ಅಲ್ಲಿಯವರು ಹಾಗೇ ಹೇಳುತ್ತಾರಂತೆ.

ಕಾಕಾ ಬೆರಗಾಗಿ ನಿಂತರು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಜಾತಿ. ಕಾಕಾನದು ಪೂರಾ ಡಬ್ಬಿಯ ವ್ಯಾಪಾರ.

“ಮಾಸ್ತರ, ಮಾರಿ ನೋಡಿದ ಕೂಡ್ಲೆ ಡಬ್ಬಿ, ಡಬ್ಬಿ ಅಂದನಲ್ಲ. ನಮ್ಮ ಅಂಗಡಿ ಹೆಸರು ಇಲ್ಲಿತನಕ ಬಂದೈತಿ ನೋಡ್ರಿ.”

ಲಾ

ಅದೇ ಹೂದೋಟದಲ್ಲಿ ಮಧ್ಯಾಹ್ನ ಅಕ್ಕ ಕಾಣೆಯಾದರು. ಅವರ ಫೋನು ಅಲ್ಲಿ ಸರಿಯಾಗಿ ಹತ್ತುತ್ತಿರಲಿಲ್ಲ. ಎದುರಾದವರನ್ನೆಲ್ಲ ವಿಚಾರಿಸಿದೆ, ನನ್ನ ವ್ಯಾಕರಣ ಯಾರಿಗೂ ತಿಳಿಯಲಿಲ್ಲ. ಕಡೆಗೆ ಜವಾನರು ಗೇಟಿನ ಬಳಿಯ ಕಟ್ಟೆಯ ಮೇಲೆ ಹತ್ತಿ, ಕೋರ್ಟಿನ ದನಿ ತೆಗೆದು, ‘ರಾಣೆಬೆನ್ನೂರ ಖಾನಾವಳಿ ಅಕ್ಕಾರು ಹಾಜರ್’ ಎಂದು ಕೂಗಿದರು. ಸುತ್ತಲಿನ ಪ್ರವಾಸಿಗರು ಅದನ್ನೂ ಒಂದು ಕಾರ್ಯಕ್ರಮವೆಂದು ತಿಳಿದು ಚಪ್ಪಾಳೆ ತಟ್ಟಿದರು. ಅಕ್ಕ ಮಾತ್ರ ಬರಲಿಲ್ಲ. ಅವರ ತಮ್ಮನಿಗೆ ಏನು ಹೇಳುವುದು ಎಂದು ನನಗೆ ಅಳುವೇ ಬಂದಿತ್ತು.

ಅಷ್ಟರಲ್ಲಿ ಒಂದು ಬ್ಯಾಟರಿ ಗಾಡಿ ಬಂತು. ಕಾವಲುಗಾರ ನಡೆಸುತ್ತಿದ್ದ, ಹಿಂದೆ ಅಕ್ಕ ಮೆರವಣಿಗೆ ಹೊರಟವರ ಹಾಗೆ ಕೂತಿದ್ದರು.

“ನಾ ತಪ್ಪಿಸಿಕೊಂಡಿಲ್ಲರಿ,” ಎಂದರು ಇಳಿಯುತ್ತಲೇ. “ನೀವು ತಪ್ಪಿಸಿಕೊಂಡಿದ್ರಿ. ನಾ ಹಾದಿ ಕೇಳಿಕೋತ ಬಂದೇನಿ.”

ನಡೆದದ್ದು ಇಷ್ಟು. ಅಕ್ಕ ‘ಎಕ್ಸ್‌ಕ್ಯೂಸ್ ಮೀ ರಿ, ವೇರ್ ಈಸ್ ಗೇಟ್ ರಿ’ ಎಂದು ಕೇಳಿದ್ದಾರೆ. ಕಾವಲುಗಾರ ‘ಓಕೆ ಲಾ, ಕಮ್ ಲಾ’ ಅಂದಿದ್ದಾನೆ. ಮಾತಿನ ಕೊನೆಗೆ ಲಾ ಸೇರಿಸುವುದು ಆ ಊರಿನ ರೂಢಿ. ನಮ್ಮ ಕಡೆ ‘ಲೇ’ ಅಂದರೆ ಜಗಳಕ್ಕೆ ಕರೆದ ಹಾಗೆ, ಅಕ್ಕನ ಕಿವಿಗೆ ಲಾ ಅದರ ತಮ್ಮನಂತೆ ಕೇಳಿಸಿದೆ. ಗೇಟಿನ ಮಾತು ಅಲ್ಲೇ ಬಿಟ್ಟು, ‘ಲಾ ಬ್ಯಾಡ್, ರಿ ಗುಡ್, ಸೇ ಓಕೆ ರಿ’ ಎಂದು ದಾರಿಯುದ್ದಕ್ಕೂ ಪಾಠ ಮಾಡಿದ್ದಾರೆ.

ಇಷ್ಟು ಹೇಳುತ್ತಿದ್ದಾಗಲೇ ನನ್ನ ಫೋನಿಗೆ ತಮ್ಮನ ವಿಡಿಯೋ ಕರೆ ಬಂತು. ಅಕ್ಕ ಎಲ್ಲಿ, ತಪ್ಪಿಸಿಕೊಂಡಿಲ್ಲ ತಾನೆ ಎಂದು ಅವನ ಮೊದಲ ಪ್ರಶ್ನೆ. ಅಕ್ಕ ಫೋನು ಕಸಿದುಕೊಂಡು, ಬೇಕಾದರೆ ಇವರನ್ನೇ ಕೇಳು ಎಂದು ಕಾವಲುಗಾರನ ಮುಖಕ್ಕೆ ಹಿಡಿದರು.

ಅವನು ನೆಟ್ಟಗೆ ನಿಂತು ಒಪ್ಪಿಸಿದ: “ಹಲೋ ರಿ. ಆಂಟಿ ಓಕೆ ರಿ. ನೋ ಪ್ರಾಬ್ಲಮ್ ರಿ.”

ಫೋನಿನಲ್ಲಿ ತಮ್ಮ ಒಂದು ದೊಡ್ಡ ಉಸಿರು ಬಿಟ್ಟ.

“ಅಲ್ಲಬೇ ಅಕ್ಕ, ಅಲ್ಲೆ ಡ್ಯೂಟಿ ಮ್ಯಾಲೆ ನಮ್ಮ ಹಾವೇರಿ ಮಂದೀನ ಅದಾರಂತ ಮೊದಲ ಹೇಳಬಾರದೇನು? ಇನ್ನೊಂದು ನಾಕ್ ದಿನ ಇದ್ದು ಬಾ.”